ಬೋರ್‌ವೆಲ್ ಮೋಟಾರ್ ಸರ್ವಿಸ್‌ಗೆ ಎಕ್ಸ್‌ಪರ್ಟ್ ಸಿಸ್ಟಮ್: ಚೆಕ್‌ಲಿಸ್ಟ್ ಸಾಕೋ, ರೂಲ್ ಎಂಜಿನ್ ಬೇಕೋ, ಎಐ ಬೇಕೋ?

ಸಬ್‌ಮರ್ಸಿಬಲ್ ಪಂಪ್ ಮಾರಿ, ಇಳಿಸಿ, ರಿಪೇರಿಯನ್ನೂ ಮಾಡಿಕೊಡುವ ಅಂಗಡಿಗಳಲ್ಲಿ ದಿನವೂ ಎದುರಾಗುವ ಪ್ರಶ್ನೆ ಒಂದೇ: ಮೋಟಾರ್ ಎತ್ತಬೇಕೋ, ಬೇಡವೋ? ಎಂಟುನೂರು, ಸಾವಿರ ಅಡಿ ಆಳದಿಂದ ಪೈಪು, ಕೇಬಲ್ ಸಮೇತ ಪಂಪ್ ಎತ್ತಿ ಮತ್ತೆ ಇಳಿಸುವುದೆಂದರೆ ಗಾಡಿ ಬೇಕು, ಆಳು ಬೇಕು, ಒಂದು ದಿನವೇ ಹೋಗುತ್ತದೆ. ಎತ್ತಿದ ಮೇಲೆ ಮೋಟಾರ್ ಚೆನ್ನಾಗಿಯೇ ಇದೆ, ತೊಂದರೆ ಇದ್ದದ್ದು ಸ್ಟಾರ್ಟರ್‌ನ ಕಾಂಟ್ಯಾಕ್ಟರ್‌ನಲ್ಲಿ ಎಂದು ಗೊತ್ತಾದರೆ ಆ ಖರ್ಚನ್ನು ರೈತ ಕೊಡುವುದಿಲ್ಲ, ಕೊಡಲೂಬಾರದು. ಈ ತೀರ್ಮಾನವನ್ನು ಸರಿಯಾಗಿ ಮಾಡಬಲ್ಲ ಹಿರಿಯ ಮೆಕ್ಯಾನಿಕ್ ಅಂಗಡಿಗೊಬ್ಬರು ಇರುತ್ತಾರೆ. ಅವರು ರಜೆಯಲ್ಲಿದ್ದ ದಿನ ಹುಡುಗರು ಅನುಮಾನ ಬಂದದ್ದನ್ನೆಲ್ಲ ಎತ್ತುತ್ತಾರೆ. ಅವರು ಕೆಲಸ ಬಿಟ್ಟರೆ ಮೂವತ್ತು ವರ್ಷದ ತಿಳಿವಳಿಕೆಯೂ ಅವರ ಜೊತೆಗೇ ಹೋಗುತ್ತದೆ.

ಆ ತಿಳಿವಳಿಕೆಯನ್ನು ಅಂಗಡಿಯಲ್ಲೇ ಉಳಿಸಿಕೊಳ್ಳುವ ದಾರಿಗಳಲ್ಲಿ ಎಕ್ಸ್‌ಪರ್ಟ್ ಸಿಸ್ಟಮ್ ಒಂದು. ಅದರಲ್ಲಿ ಎರಡು ಭಾಗ. ತಜ್ಞರು ಹೇಳಿದ ನಿಯಮಗಳು ಒಂದು ಕಡೆ. ಎದುರಿಗಿರುವ ಸಂಗತಿಗಳಿಗೆ ಆ ನಿಯಮಗಳನ್ನು ಹಚ್ಚಿ ಉತ್ತರ ತೆಗೆಯುವ ಎಂಜಿನ್ ಇನ್ನೊಂದು ಕಡೆ. ಎರಡೂ ಬೇರೆಯಾಗಿರುವುದರಿಂದ ಪ್ರೋಗ್ರಾಮ್ ಮುಟ್ಟದೆ ನಿಯಮ ತಿದ್ದಬಹುದು. ಉತ್ತರ ಯಾಕೆ ಹಾಗೆ ಬಂತು ಎಂದು ಕೇಳಿದರೆ ಯಾವ ನಿಯಮದಿಂದ ಬಂತೆಂದು ಅದು ತೋರಿಸುತ್ತದೆ.

ಸಾಫ್ಟ್‌ವೇರ್ ಮಾರುವವರು ಸಾಫ್ಟ್‌ವೇರ್‌ನ ಹೆಸರಿನಿಂದ ಮಾತು ಶುರು ಮಾಡುತ್ತಾರೆ. ನೀವು ಅಲ್ಲಿಂದ ಶುರು ಮಾಡಬೇಡಿ. ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಆರು ತಿಂಗಳ ನಂತರ ಒಂದು ನಿಯಮ ತಿದ್ದಬೇಕಾಗಿ ಬಂದರೆ ತಿದ್ದುವವರು ಯಾರು? ಮೆಕ್ಯಾನಿಕ್ ತಾನೇ ತಿದ್ದಬೇಕೆಂದರೆ ಒಂದು ದಾರಿ. ಅಂಗಡಿಯ ಲೆಕ್ಕಪತ್ರ ನೋಡುವವರು ತಿದ್ದಬಲ್ಲರು ಎಂದರೆ ಇನ್ನೊಂದು. ಸಂಬಳಕ್ಕೆ ಪ್ರೋಗ್ರಾಮರ್ ಇದ್ದಾರೆ ಎಂದರೆ ಮತ್ತೊಂದು. ತಿದ್ದುವವರಿಲ್ಲದ ವ್ಯವಸ್ಥೆ ಎಷ್ಟೇ ಜಾಣತನದ್ದಾದರೂ ಹೊಸ ಮಾಡೆಲ್ ಪ್ಯಾನೆಲ್ ಮಾರುಕಟ್ಟೆಗೆ ಬಂದ ಕೂಡಲೇ ತಪ್ಪು ಹೇಳತೊಡಗುತ್ತದೆ, ಹುಡುಗರು ಅದನ್ನು ನೋಡುವುದನ್ನೇ ಬಿಡುತ್ತಾರೆ.

ಕೆಲಸ ಯಾವ ಬಗೆಯದು?

ಪಂಪ್ ಅಂಗಡಿಯಲ್ಲಿ ತಜ್ಞರ ತಲೆ ಬೇಕಾಗುವ ಕೆಲಸ ಎರಡು ಬಗೆಯದು. ಇವೆರಡನ್ನು ಬೆರೆಸಿದಲ್ಲೇ ಬಹಳಷ್ಟು ಯೋಜನೆಗಳು ಹಾದಿ ತಪ್ಪುವುದು.

ಒಂದು, ಹೊಸ ಬೋರಿಗೆ ಪಂಪ್‌ಸೆಟ್ ಆರಿಸುವುದು. ಬೋರಿನ ವ್ಯಾಸ, ನೀರಿನ ಮಟ್ಟ, ಇಳುವರಿ, ಟ್ಯಾಂಕಿನ ಎತ್ತರ ತಿಳಿದರೆ ಹೆಡ್ (ಪಂಪ್ ನೀರನ್ನು ಎತ್ತಬೇಕಾದ ಒಟ್ಟು ಎತ್ತರ) ಸಿಗುತ್ತದೆ, ಹೆಡ್‌ನಿಂದ ಸ್ಟೇಜ್, ಎಚ್‌ಪಿ, ಎಚ್‌ಪಿಯಿಂದ ಕರೆಂಟು, ಆ ಕರೆಂಟಿಗೂ ಆಳಕ್ಕೂ ತಕ್ಕ ಕೇಬಲ್, ಸ್ಟಾರ್ಟರ್, ಪೈಪು. ಆಳ ನೂರು ಅಡಿ ಹೆಚ್ಚಾದರೆ ಹೆಡ್ ಏರುತ್ತದೆ, ಕೇಬಲಿನಲ್ಲಿ ಬೀಳುವ ವೋಲ್ಟೇಜೂ ಏರುತ್ತದೆ, ಒಂದು ಸೈಜ್ ದಪ್ಪ ಕೇಬಲ್ ಬೇಕಾಗುತ್ತದೆ. ಎಲ್ಲವೂ ಒಂದಕ್ಕೊಂದು ಕೊಂಡಿ. ವ್ಯಾಪಾರದಲ್ಲಿ ಹೆಸರು ಮಾಡಿದ ಮೊದಲ ಎಕ್ಸ್‌ಪರ್ಟ್ ಸಿಸ್ಟಮ್‌ಗಳಲ್ಲಿ ಒಂದಾದ ಎಕ್ಸ್‌ಕಾನ್ ಇದೇ ಬಗೆಯದು. ಕಾರ್ನೆಗಿ ಮೆಲನ್‌ನ ಜಾನ್ ಮೆಕ್‌ಡರ್ಮಟ್ ಅದನ್ನು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ಗಾಗಿ ಕಟ್ಟಿದರು. 1980ರ ಹೊತ್ತಿಗೆ ಬಳಕೆಗೆ ಬಂತು. ವ್ಯಾಕ್ಸ್ ಕಂಪ್ಯೂಟರಿನ ಆರ್ಡರ್ ನೋಡಿ ಯಾವ ಬೋರ್ಡ್, ಯಾವ ಕೇಬಲ್, ಯಾವ ಕ್ಯಾಬಿನೆಟ್ ಎಂದು ಹೊಂದಿಸುವುದು ಅದರ ಕೆಲಸ. ಗೊತ್ತಿರುವ ಸಂಗತಿಯಿಂದ ಹೊರಟು ಮುಂದಕ್ಕೆ ಹೋಗುವ ಈ ತರ್ಕಕ್ಕೆ ಫಾರ್ವರ್ಡ್ ಚೈನಿಂಗ್ ಎನ್ನುತ್ತಾರೆ.

ಇನ್ನೊಂದು, ಕೆಟ್ಟ ಪಂಪಿನ ದೋಷ ಪತ್ತೆ. ಇಲ್ಲಿ ಸಂಗತಿಗಳು ಕೈಯಲ್ಲಿ ಇರುವುದಿಲ್ಲ, ಒಂದೊಂದನ್ನೂ ಕೇಳಿ, ಅಳೆದು ತಿಳಿಯಬೇಕು. ಸ್ಟ್ಯಾನ್‌ಫರ್ಡ್‌ನಲ್ಲಿ 1970ರ ದಶಕದಲ್ಲಿ ಬೆಳೆದ ಮೈಸಿನ್ ರಕ್ತದ ಸೋಂಕುಗಳನ್ನು ಹೀಗೆ ಪತ್ತೆ ಮಾಡುತ್ತಿತ್ತು: ಒಂದು ಊಹೆ ಹಿಡಿದು, ಅದನ್ನು ಸಾಬೀತು ಮಾಡಲು ಏನೇನು ತಿಳಿಯಬೇಕೋ ಅಷ್ಟನ್ನೇ ಕೇಳುವುದು. ಇದು ಬ್ಯಾಕ್‌ವರ್ಡ್ ಚೈನಿಂಗ್. ಉತ್ತರದ ಗುಣಮಟ್ಟದಲ್ಲಿ ಅದು ತಜ್ಞ ವೈದ್ಯರಿಗೆ ಸಾಟಿಯಾಗಿತ್ತು; ಆದರೂ ಆಸ್ಪತ್ರೆಯ ದಿನನಿತ್ಯದ ಬಳಕೆಗೆ ಬರಲಿಲ್ಲ. ಒಬ್ಬ ರೋಗಿಯ ವಿವರ ತುಂಬಿಸಲು ಅರ್ಧ ಗಂಟೆ ಹಿಡಿಯುತ್ತಿದ್ದದ್ದೂ ಅದಕ್ಕೊಂದು ಕಾರಣ. ತೋಟದಲ್ಲಿ ಬಿಸಿಲಿಗೆ ನಿಂತ ಹುಡುಗನ ಮೊಬೈಲಿನಲ್ಲಿ ಹದಿನೈದು ಖಾಲಿ ಜಾಗ ತುಂಬಿಸಲು ಹೇಳುವ ಆ್ಯಪ್‌ನ ಗತಿಯೂ ಅದೇ.

ಈ ಮಾರ್ಗದರ್ಶಿಯಲ್ಲಿ ಎರಡನೆಯ ಬಗೆಯನ್ನೇ ಮುಖ್ಯವಾಗಿ ಹಿಡಿದಿದ್ದೇವೆ. ಹಣ ಸೋರುವುದು ಅಲ್ಲೇ ಹೆಚ್ಚು.

ಕಾಗದದ ಚೆಕ್‌ಲಿಸ್ಟ್

ಇದನ್ನು ಕಡೆಗಣಿಸಬೇಡಿ. ಪ್ರಶ್ನೆಗಳ ಕ್ರಮ ಯಾವಾಗಲೂ ಒಂದೇ ಆಗಿದ್ದು, ಒಟ್ಟು ನಿಯಮಗಳು ಇಪ್ಪತ್ತರ ಒಳಗಿದ್ದರೆ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಸಾಕು. ಅದಕ್ಕೆ ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ. ಮುಂದೆ ದೊಡ್ಡ ವ್ಯವಸ್ಥೆ ಕಟ್ಟುವುದಾದರೂ ಮೊದಲ ಎರಡು ತಿಂಗಳು ಹಾಳೆಯಲ್ಲೇ ಓಡಿಸುವುದು ಒಳ್ಳೆಯದು. ಯಾವ ಪ್ರಶ್ನೆ ಹುಡುಗರಿಗೆ ಅರ್ಥವಾಗುತ್ತಿಲ್ಲ ಎಂಬುದು ಅಲ್ಲೇ ತಿಳಿದುಬಿಡುತ್ತದೆ.

ಹಾಳೆಯಲ್ಲಿ ಪ್ರಶ್ನೆಗಳನ್ನು ಮುಖ್ಯತೆಯ ಕ್ರಮದಲ್ಲಿ ಬರೆಯುವುದಲ್ಲ, ಖರ್ಚಿನ ಕ್ರಮದಲ್ಲಿ ಬರೆಯಬೇಕು. ಫೋನಿನಲ್ಲೇ ಉತ್ತರ ಸಿಗುವವು ಮೊದಲು: ಈಗ ತ್ರೀ ಫೇಸ್ ಇದೆಯೇ, ಸ್ಟಾರ್ಟರ್ ಹಿಡಿಯುತ್ತದೆಯೇ, ಹಿಡಿದು ಟ್ರಿಪ್ ಆಗುತ್ತದೆಯೇ, ನೀರು ಕಡಿಮೆಯಾಗಿದ್ದು ಒಮ್ಮೆಲೇ ಆದದ್ದೋ ದಿನೇ ದಿನೇ ಆದದ್ದೋ, ಇತ್ತೀಚೆಗೆ ಟ್ರಾನ್ಸ್‌ಫಾರ್ಮರ್ ಅಥವಾ ಲೈನ್ ಕೆಲಸ ನಡೆದಿದೆಯೇ. ಕೊನೆಯದನ್ನು ಕೇಳಲು ಹೊಸಬರು ಮರೆಯುತ್ತಾರೆ. ಲೈನ್ ಕೆಲಸದಲ್ಲಿ ಎರಡು ಫೇಸ್ ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ, ನೀರು ಬಹಳ ಕಡಿಮೆ ಬರುತ್ತದೆ. ಕರೆಂಟು ಬಂದ್ ಮಾಡಿ ಯಾವುದಾದರೂ ಎರಡು ತಂತಿ ಅದಲಿಸಿದರೆ ಮುಗಿಯಿತು. ಅದು ಗೊತ್ತಿಲ್ಲದೆ ಬೋರ್ ಬತ್ತಿದೆ ಎಂದು ತೀರ್ಮಾನಿಸಿದರೆ ಪಂಪೂ ಮೇಲೆ ಬರುತ್ತದೆ, ರೈತ ಹೊಸ ಬೋರ್ ಕೊರೆಸುವ ಮಾತೂ ಆಡುತ್ತಾನೆ. ಸ್ಥಳಕ್ಕೆ ಹೋಗಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್, ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿಯುವ ಪ್ರಶ್ನೆಗಳು ಅದಾದ ಮೇಲೆ. ಎತ್ತಿದರೆ ಮಾತ್ರ ತಿಳಿಯುವವು ಕಟ್ಟಕಡೆಗೆ.

ಒಂದು ಗಡಿಯನ್ನು ಹಾಳೆಯ ಮೇಲೇ ಬರೆಯಿರಿ: ಫೋನಿನಲ್ಲಿ ಮಾತಾಡುವವರು ರೈತನಿಗೆ ಸ್ಟಾರ್ಟರ್ ಬಿಚ್ಚಿ ನೋಡಲು ಯಾವ ಕಾರಣಕ್ಕೂ ಹೇಳಬಾರದು. ಒದ್ದೆ ನೆಲ, 415 ವೋಲ್ಟ್, ಪ್ರಾಣದ ವಿಷಯ.

ಎಕ್ಸೆಲ್ ಮತ್ತು ಡಿಸಿಷನ್ ಟೇಬಲ್

ಬಹುಪಾಲು ಅಂಗಡಿಗಳಿಗೆ ನಾವು ಹೇಳುವುದು ಇದನ್ನೇ. ಪ್ರತಿ ಸಾಲು ಒಂದು ನಿಯಮ. ಎಡಗಡೆ ಷರತ್ತುಗಳು, ಬಲಗಡೆ ತೀರ್ಮಾನ. ಮೆಕ್ಯಾನಿಕ್ ಓದಬಲ್ಲರು, ಬೆರಳಿಟ್ಟು "ಇದು ತಪ್ಪು" ಎನ್ನಬಲ್ಲರು. ಬೇರೆ ಯಾವ ದಾರಿಯಲ್ಲೂ ಈ ಅನುಕೂಲ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಒಂದು ನಿಯಮವನ್ನು ಹತ್ತಿರದಿಂದ ನೋಡೋಣ. ಮೂರು ಫೇಸ್‌ಗಳ ಕರೆಂಟು ಸಮವಾಗಿಲ್ಲ. ಆರ್‌ನಲ್ಲಿ 14, ವೈನಲ್ಲಿ 15, ಬಿನಲ್ಲಿ 19 ಆಂಪಿಯರ್. ಸರಾಸರಿ 16. ಅದರಿಂದ ಅತಿ ದೂರ ಇರುವುದು 19, ಅಂತರ 3. 3ನ್ನು 16ರಿಂದ ಭಾಗಿಸಿದರೆ ಶೇ. 18.75 ಅಸಮತೋಲನ. ಶೇ. 5 ದಾಟಬಾರದು ಎಂಬುದು ಈ ಕಸುಬಿನಲ್ಲಿ ಸಾಮಾನ್ಯವಾಗಿ ಹಿಡಿಯುವ ಮಿತಿ. ಅಂದರೆ ದೋಷ ಇದೆ. ಆದರೆ ಅದು ಲೈನಿನದೋ ಮೋಟಾರಿನದೋ? ಕರೆಂಟು ಪೂರ್ತಿ ಬಂದ್ ಮಾಡಿ, ಸ್ಟಾರ್ಟರ್‌ನಿಂದ ಮೋಟಾರಿಗೆ ಹೋಗುವ ಮೂರೂ ತಂತಿಗಳನ್ನು ಒಂದೇ ದಿಕ್ಕಿನಲ್ಲಿ ಒಂದೊಂದು ಸ್ಥಾನ ಸರಿಸಬೇಕು: ಆರ್‌ನಲ್ಲಿದ್ದದ್ದು ವೈಗೆ, ವೈನಲ್ಲಿದ್ದದ್ದು ಬಿಗೆ, ಬಿನಲ್ಲಿದ್ದದ್ದು ಆರ್‌ಗೆ. ಹೀಗೆ ಮೂರನ್ನೂ ಸರಿಸಿದರೆ ತಿರುಗುವ ದಿಕ್ಕು ಬದಲಾಗುವುದಿಲ್ಲ. ಎರಡನ್ನು ಮಾತ್ರ ಅದಲಿಸಿದರೆ ಬದಲಾಗುತ್ತದೆ. ಮತ್ತೆ ಓಡಿಸಿ ಅಳೆಯಿರಿ. ಹೆಚ್ಚಿನ ಕರೆಂಟು ಬಿನಲ್ಲೇ ಉಳಿದರೆ ದೋಷ ಸಪ್ಲೈ ಕಡೆಯದು, ಫ್ಯೂಸು, ಕಾಂಟ್ಯಾಕ್ಟರ್, ಟ್ರಾನ್ಸ್‌ಫಾರ್ಮರ್ ನೋಡಿ, ಎತ್ತಬೇಡಿ. ತಂತಿಯ ಜೊತೆ ಆರ್‌ಗೆ ಬಂದರೆ ದೋಷ ಕೇಬಲ್ ಅಥವಾ ಮೋಟಾರಿನದು. ಮೂರು ತಂತಿಯ ಡೈರೆಕ್ಟ್ ಸ್ಟಾರ್ಟರ್‌ಗೆ ಇದು ನೇರವಾಗಿ ಅನ್ವಯಿಸುತ್ತದೆ. ಆರು ತಂತಿಯ ಸ್ಟಾರ್-ಡೆಲ್ಟಾಕ್ಕೆ ಬೇರೆಯದೇ ಸಾಲುಗಳು ಬೇಕು.

ಹಿರಿಯ ಮೆಕ್ಯಾನಿಕ್ ಇದನ್ನೆಲ್ಲ "ತಂತಿ ಸರಿಸಿ ನೋಡು" ಎಂಬ ಮೂರು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಟೇಬಲ್‌ನಲ್ಲಿ ಅದು ಎರಡು ಸಾಲು, ಜೊತೆಗೆ ಅಳೆಯುವ ವಿಧಾನದ ಒಂದು ಟಿಪ್ಪಣಿ.

ಮೆಗ್ಗರ್‌ನ ಸಾಲುಗಳೂ ಹೀಗೆಯೇ. ಮೋಟಾರ್ ತಂತಿಗಳನ್ನು ಪ್ಯಾನೆಲ್‌ನಿಂದ ಬಿಡಿಸಿಕೊಂಡು, 500 ವೋಲ್ಟ್ ಮೆಗ್ಗರ್‌ನಿಂದ ತಂತಿಗೂ ಅರ್ಥಿಂಗ್‌ಗೂ ನಡುವೆ ಅಳೆದಾಗ:

2 ಮೆಗಾಓಮ್ ಅಥವಾ ಹೆಚ್ಚು: ಇನ್ಸುಲೇಷನ್ ಚೆನ್ನಾಗಿದೆ, ಬೇರೆ ಕಾರಣ ಹುಡುಕಿ.
0.5 ಅಥವಾ ಹೆಚ್ಚು, 2ಕ್ಕಿಂತ ಕಡಿಮೆ: ಓಡಿಸಬಹುದು, ಜಾಬ್ ಕಾರ್ಡ್‌ನಲ್ಲಿ ಬರೆದಿಡಿ.
0.5ಕ್ಕಿಂತ ಕಡಿಮೆ, ಮೇಲಿನ ಕೇಬಲ್ ಜಾಯಿಂಟ್ ಒದ್ದೆ: ಜಾಯಿಂಟ್ ಬಿಚ್ಚಿ, ಒಣಗಿಸಿ, ಮತ್ತೆ ಅಳೆಯಿರಿ.
0.5ಕ್ಕಿಂತ ಕಡಿಮೆ, ಜಾಯಿಂಟ್ ಒಣಗಿದೆ: ಕೇಬಲ್ ಅಥವಾ ವೈಂಡಿಂಗ್ ಹಾಳಾಗಿದೆ, ಎತ್ತುವ ತೀರ್ಮಾನಕ್ಕೆ ಕಳಿಸಿ.

ಅಂಕಿಗಳು ಮಾದರಿಗಾಗಿ ಕೊಟ್ಟವು. ನೀವು ಮಾರುವ ಮೋಟಾರಿನ ಮ್ಯಾನ್ಯುಯಲ್‌ನಲ್ಲಿ ಬೇರೆ ಇದ್ದರೆ ಅದನ್ನೇ ಹಾಕಿ. ಮೂರನೆಯ ಸಾಲನ್ನು ಗಮನಿಸಿ. ಅದು ಇಲ್ಲದಿದ್ದರೆ ಮಳೆ ಬಂದ ಮರುದಿನ ಒದ್ದೆ ಜಾಯಿಂಟ್ ಇರುವ ಒಳ್ಳೆಯ ಮೋಟಾರುಗಳೆಲ್ಲ ಮೇಲೆ ಬರುತ್ತವೆ.

ಎಕ್ಸೆಲ್‌ನಲ್ಲಿ ಕೆಡುವುದು ಮೂರು ಕಡೆ. ಮೊದಲನೆಯದು ಖಾಲಿ ಸೆಲ್. ಅಳೆಯದೆ ಬಿಟ್ಟ ಜಾಗವನ್ನು ಹೋಲಿಕೆಯಲ್ಲಿ ಎಕ್ಸೆಲ್ ಸೊನ್ನೆ ಎಂದೇ ಎಣಿಸುತ್ತದೆ, ಸೊನ್ನೆ 0.5ಕ್ಕಿಂತ ಕಡಿಮೆ, ಆದ್ದರಿಂದ ಮೆಗ್ಗರ್ ಮುಟ್ಟದ ಹುಡುಗನಿಗೂ "ಎತ್ತುವ ತೀರ್ಮಾನಕ್ಕೆ ಕಳಿಸಿ" ಎಂಬ ಉತ್ತರ ಬರುತ್ತದೆ. ಪ್ರತಿ ಅಳತೆಗೂ "ಅಳೆದಿಲ್ಲ" ಎಂಬ ಪ್ರತ್ಯೇಕ ಆಯ್ಕೆ ಇರಲಿ, ಸೆಲ್ ಖಾಲಿ ಇದ್ದರೆ ಉತ್ತರವೇ ಬರದಂತೆ ಸೂತ್ರ ಬರೆಯಿರಿ. ಎರಡನೆಯದು, ಒಂದರೊಳಗೊಂದು ಹೊಸೆದ ಇಫ್ ಸೂತ್ರ. 64 ಮಟ್ಟದವರೆಗೆ ಹೊಸೆಯಲು ಎಕ್ಸೆಲ್ ಬಿಡುತ್ತದೆ; ನಾಲ್ಕು ದಾಟಿದರೆ ಬರೆದವರಿಗೇ ಅರ್ಥವಾಗುವುದಿಲ್ಲ. ನಿಯಮಗಳು ಸಾಲುಗಳಾಗಿ ಕಣ್ಣಿಗೆ ಕಾಣಬೇಕು, ಸೂತ್ರದೊಳಗೆ ಹೂತಿರಬಾರದು. ಮೂರನೆಯದು, ವಾಟ್ಸಾಪ್‌ನಲ್ಲಿ ಹರಿದಾಡುವ ಪ್ರತಿಗಳು. ಹೋದ ವರ್ಷದ ಫೈಲ್ ಒಬ್ಬರ ಮೊಬೈಲಿನಲ್ಲಿ, ಈ ವರ್ಷದ್ದು ಇನ್ನೊಬ್ಬರಲ್ಲಿ. ಫೈಲ್ ಒಂದೇ ಕಡೆ ಇರಲಿ, ತಿದ್ದುವ ಹಕ್ಕು ಒಬ್ಬರಿಗೇ ಇರಲಿ, ಮೇಲ್ಗಡೆ ತಾರೀಖು ಕಾಣಲಿ.

ಸಾಲುಗಳು ಐವತ್ತು ದಾಟಿದರೆ ಡಿಎಂಎನ್ (ಡಿಸಿಷನ್ ಮಾಡೆಲ್ ಅಂಡ್ ನೊಟೇಷನ್) ಎಂಬ ಮಾನಕ ಪದ್ಧತಿಯ ಉಪಕರಣಕ್ಕೆ ಹೋಗಿ. ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ 2015ರಲ್ಲಿ ಪ್ರಕಟಿಸಿದ ಮಾನಕ ಇದು. ಕಮುಂಡಾ, ಡ್ರೂಲ್ಸ್ ಎಂಬ ಸಾಫ್ಟ್‌ವೇರ್‌ಗಳು ಎರಡೂ ಇದನ್ನು ಓದಬಲ್ಲವು. ನೋಡಲು ಎಕ್ಸೆಲ್ ಹಾಳೆಯಂತೆಯೇ ಇರುತ್ತದೆ. ಹೆಚ್ಚಿನ ಲಾಭ ಹಿಟ್ ಪಾಲಿಸಿ ಎಂಬ ಒಂದು ಅಕ್ಷರದಲ್ಲಿದೆ: ಒಂದಕ್ಕಿಂತ ಹೆಚ್ಚು ಸಾಲು ಹೊಂದಿದರೆ ಏನು ಮಾಡಬೇಕೆಂದು ಅದು ಹೇಳುತ್ತದೆ. "ಯುನಿಕ್" ಎಂದು ಇಟ್ಟರೆ ಎರಡು ಸಾಲು ಒಟ್ಟಿಗೆ ಹೊಂದುವಂತಿಲ್ಲ. ಹೊಂದಿದರೆ ದೋಷ ಎಂದು ಹೇಳುತ್ತದೆ. "ಫಸ್ಟ್" ಎಂದು ಇಟ್ಟರೆ ಮೇಲಿನ ಸಾಲು ಗೆಲ್ಲುತ್ತದೆ. ಫಸ್ಟ್ ಸುಲಭ ಎಂದು ಎಲ್ಲರೂ ಅದನ್ನೇ ಹಿಡಿಯುತ್ತಾರೆ, ಆದರೆ ಯಾರೋ ಅವಸರದಲ್ಲಿ ಮೇಲುಗಡೆ ಒಂದು ಸಾಲು ಸೇರಿಸಿದರೆ ಕೆಳಗಿನ ಹತ್ತು ನಿಯಮ ಸದ್ದಿಲ್ಲದೆ ಸತ್ತುಹೋಗುತ್ತವೆ. ಯುನಿಕ್‌ನಿಂದಲೇ ಶುರು ಮಾಡಿ. ಅಂಚಿನ ಬೆಲೆಗಳನ್ನೂ ನೋಡಿಕೊಳ್ಳಿ: "0.5ಕ್ಕಿಂತ ಕಡಿಮೆ", "0.5ಕ್ಕಿಂತ ಹೆಚ್ಚು" ಎಂದು ಎರಡು ಸಾಲು ಬರೆದು ಸರಿಯಾಗಿ 0.5 ಬಂದರೆ ಏನೆಂದು ಬರೆಯದೆ ಬಿಟ್ಟ ಟೇಬಲ್‌ಗಳು ಬಹಳ.

ಇನ್ನೊಂದು ಲೆಕ್ಕ. ಹೌದು-ಇಲ್ಲ ಉತ್ತರದ ಎಂಟು ಷರತ್ತುಗಳನ್ನು ಒಂದೇ ಟೇಬಲ್‌ಗೆ ತುರುಕಿದರೆ ಸಾಧ್ಯವಿರುವ ಸಾಲುಗಳು 256. ಆದ್ದರಿಂದ ಒಡೆಯಿರಿ: ಸಪ್ಲೈ ಸರಿಯೇ ಎಂಬುದಕ್ಕೆ ಒಂದು ಟೇಬಲ್, ಸ್ಟಾರ್ಟರ್‌ಗೆ ಒಂದು, ಕೇಬಲ್-ಮೋಟಾರಿಗೆ ಒಂದು, ಬೋರಿನ ನೀರಿಗೆ ಒಂದು, ನಾಲ್ಕರ ಉತ್ತರ ಸೇರಿಸಿ "ಎತ್ತಬೇಕೋ" ಎಂದು ಹೇಳುವ ಐದನೆಯ ಸಣ್ಣ ಟೇಬಲ್. ಒಂದೊಂದೂ ಹತ್ತು, ಹನ್ನೆರಡು ಸಾಲಿನಲ್ಲಿ ಮುಗಿಯುತ್ತದೆ.

ರೂಲ್ ಎಂಜಿನ್ ಯಾವಾಗ ಬೇಕು?

ಸಂಗತಿಗಳು ಯಾವ ಕ್ರಮದಲ್ಲಾದರೂ ಬರಬಹುದು, ಒಂದು ನಿಯಮದ ಉತ್ತರ ಇನ್ನೊಂದರ ಷರತ್ತು ಆಗುತ್ತದೆ, ನಿಯಮಗಳು ನೂರಾರು ಇವೆ ಎಂದರೆ ಮಾತ್ರ. ಪಂಪ್‌ಸೆಟ್ ಆಯ್ಕೆಯ ಕೆಲಸ ಹಲವು ಕಂಪನಿಗಳ ಮಾಡೆಲ್‌ಗಳನ್ನು ಒಳಗೊಂಡರೆ ಈ ಹಂತಕ್ಕೆ ಬರುತ್ತದೆ. ನಾಸಾದ ಜಾನ್ಸನ್ ಸ್ಪೇಸ್ ಸೆಂಟರ್‌ನಲ್ಲಿ 1980ರ ದಶಕದ ನಡುವೆ ಹುಟ್ಟಿದ ಕ್ಲಿಪ್ಸ್ ಎಂಬ ರೂಲ್ ಎಂಜಿನ್ ಇಂದಿಗೂ ಉಚಿತವಾಗಿ ಸಿಗುತ್ತದೆ; ಸಿ ಭಾಷೆಯದು, ಸಣ್ಣ ಯಂತ್ರದಲ್ಲೂ ಓಡುತ್ತದೆ. ಜಾವಾ ಬಲ್ಲವರು ಇದ್ದರೆ ಡ್ರೂಲ್ಸ್. ಎರಡರ ಬುಡದಲ್ಲೂ ಇರುವುದು ಚಾರ್ಲ್ಸ್ ಫೋರ್ಗಿಯವರ ರೀಟ್ ಕ್ರಮವಿಧಿ ಅಥವಾ ಅದರಿಂದ ಬೆಳೆದದ್ದು: ಸಂಗತಿ ಬದಲಾದಾಗ ಎಲ್ಲ ನಿಯಮಗಳನ್ನೂ ಮೊದಲಿನಿಂದ ಪರೀಕ್ಷಿಸದೆ, ಬಾಧಿತವಾದವನ್ನಷ್ಟೇ ನೋಡುತ್ತದೆ. ದೋಷ ಪತ್ತೆಗೆ ಬ್ಯಾಕ್‌ವರ್ಡ್ ಚೈನಿಂಗ್ ಬೇಕೆಂದರೆ ಪ್ರೋಲಾಗ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸಹಜ ಆಯ್ಕೆ, ಆದರೆ ಅದನ್ನು ಬಲ್ಲವರು ನಿಮ್ಮ ಊರಿನಲ್ಲಿ ಸಿಗುವುದು ಕಷ್ಟ.

ಎಂಜಿನ್‌ನ ಅಪಾಯ ನಿಯಮಗಳ ಒಳಜಗಳ. ಎರಡು ನಿಯಮ ಒಟ್ಟಿಗೆ ಎದ್ದಾಗ ಯಾವುದು ಮೊದಲು ಎಂದು ಸೂಚಿಸಲು ಸೇಲಿಯನ್ಸ್ ಎಂಬ ಅಂಕಿ ಕೊಡಬಹುದು. ಪ್ರೋಗ್ರಾಮರ್ ಒಂದಕ್ಕೆ 10 ಕೊಡುತ್ತಾರೆ, ಮುಂದಿನದಕ್ಕೆ 20, ಅದಕ್ಕಿಂತ ಮೇಲೆ 100. ವರ್ಷದೊಳಗೆ ಯಾವ ನಿಯಮ ಯಾಕೆ ಮೊದಲು ಓಡುತ್ತದೆ ಎಂದು ಹೇಳಬಲ್ಲವರು ಉಳಿದಿರುವುದಿಲ್ಲ. ಸೇಲಿಯನ್ಸ್ ಬೇಕೆನಿಸಿದಾಗಲೆಲ್ಲ ಯಾವುದೋ ಒಂದು ಷರತ್ತು ಬರೆಯುವುದು ಬಿಟ್ಟುಹೋಗಿದೆ ಎಂದೇ ತಿಳಿದು ಹುಡುಕಿ. ಎಕ್ಸ್‌ಕಾನ್ ಕೆಲವು ನೂರು ನಿಯಮಗಳಿಂದ ಹೊರಟು 1980ರ ದಶಕದ ಕೊನೆಗೆ ಹತ್ತು ಸಾವಿರದ ಆಸುಪಾಸಿಗೆ ಬೆಳೆಯಿತು. ಹೊಸ ಕಂಪ್ಯೂಟರ್ ಮಾದರಿ ಬಂದಾಗೆಲ್ಲ ಅದರ ನಿಯಮಗಳನ್ನು ತಿದ್ದಲು ಆ ಕಂಪನಿ ಒಂದು ತಂಡವನ್ನೇ ಸಾಕಬೇಕಾಯಿತು. ಲಾಭ ದೊಡ್ಡದಿತ್ತು, ಆದ್ದರಿಂದ ಸಾಕಿತು. ಎಂಟು ಜನರ ಅಂಗಡಿಗೆ ಆ ಭಾರ ತಾಳುವುದಿಲ್ಲ.

ಹಳೆಯ ಜಾಬ್ ಕಾರ್ಡ್‌ಗಳಿಂದ ಕಲಿಯುವ ದಾರಿ

"ನಮ್ಮಲ್ಲಿ ಹತ್ತು ವರ್ಷದ ಜಾಬ್ ಕಾರ್ಡ್ ಇದೆ, ಅದರಿಂದಲೇ ಕಂಪ್ಯೂಟರ್ ಕಲಿಯಲಿ" ಎಂಬ ಆಸೆ ಸಹಜ. ಕಾರ್ಡ್‌ಗಳನ್ನು ತೆರೆದು ನೋಡಿ. "ಮೋಟಾರ್ ರಿಪೇರಿ ಮಾಡಲಾಯಿತು" ಎಂದಷ್ಟೇ ಬರೆದಿದ್ದರೆ ಅದರಿಂದ ಕಲಿಯಲು ಏನೂ ಇಲ್ಲ. ದೂರು, ಅಳತೆ, ಸಿಕ್ಕ ದೋಷ, ಬದಲಿಸಿದ ಭಾಗ, ಆಮೇಲೆ ಸರಿಹೋಯಿತೇ ಎಂಬ ಐದೂ ಇದ್ದರೆ ಮಾತ್ರ ಅದು ಮಾಹಿತಿ.

ಇದ್ದರೂ ಒಂದು ಮೋಸ ಅಡಗಿದೆ. ಎತ್ತಿದ ಪಂಪಿನ ನಿಜವಾದ ದೋಷ ಕಣ್ಣಿಗೆ ಬಿದ್ದು ದಾಖಲಾಗುತ್ತದೆ. ಎತ್ತದೆ ಬಿಟ್ಟವುಗಳದ್ದು ಹಲವು ಸಲ ದಾಖಲಾಗುವುದೇ ಇಲ್ಲ. ರೈತ ಬೇರೆ ಅಂಗಡಿಗೆ ಹೋಗಿರಬಹುದು. ಇಂಥ ಕಾರ್ಡ್‌ಗಳಿಂದ ಕಲಿತ ಮೆಷಿನ್ ಲರ್ನಿಂಗ್ ಮಾದರಿ ಎತ್ತುವ ಕಡೆಗೇ ವಾಲುತ್ತದೆ. ಅದೂ ಅಲ್ಲದೆ, ಉಲ್ಟಾ ತಿರುಗುವಿಕೆಯಂಥ ಅಪರೂಪದ ದೋಷ ನೂರಾರು ಕಾರ್ಡ್‌ಗಳಲ್ಲಿ ನಾಲ್ಕೈದು ಸಲ ಬಂದಿದ್ದರೆ ಅದನ್ನು ಮಾದರಿ ಕಲಿಯುವುದಿಲ್ಲ. ನಿಯಮವಾಗಿ ಬರೆಯಲು ಒಂದು ಸಾಲು ಸಾಕು.

ಹೋಲುವ ಹಳೆಯ ಪ್ರಕರಣಗಳನ್ನು ಹುಡುಕಿ ಮುಂದಿಡುವ ವ್ಯವಸ್ಥೆ ಇದಕ್ಕಿಂತ ಉಪಯುಕ್ತ. ಅದು ತೀರ್ಪು ಕೊಡುವುದಿಲ್ಲ. ಇದೇ ಊರಿನಲ್ಲಿ, ಇದೇ ಮಾಡೆಲ್‌ಗೆ, ಇದೇ ದೂರು ಬಂದ ಮೂರು ಕಾರ್ಡ್‌ಗಳನ್ನು ತೋರಿಸುತ್ತದೆ. ತಜ್ಞರು ನಿಯಮವಾಗಿ ಹೇಳಲಾರದ, "ನೋಡಿದರೆ ಗೊತ್ತಾಗುತ್ತದೆ" ಎನ್ನುವ ಕಡೆ ಇದನ್ನು ಬಳಸಿ.

ಚಾಟ್ ಎಐ: ಬಾಗಿಲಲ್ಲಿ ಇರಲಿ

"ಅಣ್ಣಾ, ಮೋಟ್ರು ಗುಂಯ್ ಅಂತೈತೆ, ನೀರೇ ಬತ್ತಿಲ್ಲ." ಈ ಮಾತನ್ನು ಯಾವ ಡಿಸಿಷನ್ ಟೇಬಲ್ಲೂ ಓದಲಾರದು. ದೊಡ್ಡ ಭಾಷಾ ಮಾದರಿಗಳು ಓದಬಲ್ಲವು: ಸದ್ದು ಇದೆ, ತಿರುಗುತ್ತಿಲ್ಲ ಎಂಬ ಅನುಮಾನ, ನೀರು ಇಲ್ಲ ಎಂದು ಖಾನೆಗಳಲ್ಲಿ ತುಂಬಿಸಬಲ್ಲವು. ಅಲ್ಲಿಂದ ಮುಂದಿನ ತೀರ್ಮಾನ ನಿಯಮಗಳದ್ದೇ ಇರಲಿ. ಒಂದು ಫೇಸ್ ಹೋಗಿದ್ದರೂ ಮೋಟಾರ್ ಗುಂಯ್ ಎನ್ನುತ್ತದೆ, ಪಂಪ್ ಜಾಮ್ ಆಗಿದ್ದರೂ ಎನ್ನುತ್ತದೆ. ಮೂರೂ ಫೇಸಿನ ವೋಲ್ಟೇಜು, ಕರೆಂಟು ಅಳೆಯದೆ ಎರಡನ್ನೂ ಬೇರ್ಪಡಿಸಲಾಗದು. ಭಾಷಾ ಮಾದರಿಯನ್ನೇ ಕೇಳಿದರೆ ಅಳತೆ ಇಲ್ಲದಿದ್ದರೂ ಅದು ಧೈರ್ಯವಾಗಿ ಒಂದನ್ನು ಹೇಳಿಬಿಡಬಹುದು, ನಾಳೆ ಅದೇ ಪ್ರಶ್ನೆಗೆ ಇನ್ನೊಂದನ್ನು ಹೇಳಬಹುದು. ಮ್ಯಾನ್ಯುಯಲ್‌ಗಳನ್ನು ಅದಕ್ಕೆ ಓದಿಸಿ ಉತ್ತರ ಪಡೆಯುವ ವ್ಯವಸ್ಥೆಯಲ್ಲಿ ಈ ತೊಂದರೆ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ವಿಶೇಷವಾಗಿ ಅಂಕಿಗಳಲ್ಲಿ ಎಚ್ಚರ: ಒಂದು ಮಾಡೆಲಿನ ಪುಟದಿಂದ ತೆಗೆದ ಆಂಪಿಯರ್ ಇನ್ನೊಂದು ಮಾಡೆಲಿನ ಉತ್ತರದಲ್ಲಿ ಬಂದು ಕೂರುತ್ತದೆ.

ತುಂಬಿಸಿದ ಖಾನೆಗಳನ್ನು ಹುಡುಗ ಒಮ್ಮೆ ನೋಡಿ "ಸರಿ" ಎಂದು ಒತ್ತಿದ ಮೇಲೆಯೇ ನಿಯಮಗಳು ಓಡಲಿ. ರೈತರ ಹೆಸರು, ಫೋನ್ ನಂಬರ್‌ಗಳನ್ನು ಹೊರಗಿನ ಎಐ ಸೇವೆಗೆ ಕಳಿಸಬೇಡಿ. ದೋಷ ಪತ್ತೆಗೆ ಅವು ಬೇಕಾಗಿಯೂ ಇಲ್ಲ, ಮತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಥ ಮಾಹಿತಿಗೆ ನಿಮ್ಮನ್ನು ಹೊಣೆ ಮಾಡುತ್ತದೆ.

ತಜ್ಞರಿಂದ ನಿಯಮ ಪಡೆಯುವುದು

ಯಾವ ದಾರಿ ಹಿಡಿದರೂ ಕಷ್ಟದ ಭಾಗ ಇದೇ. ಈ ಕ್ಷೇತ್ರದ ಹಿರಿಯರಾದ ಎಡ್ವರ್ಡ್ ಫೈಗೆನ್‌ಬಾಮ್ ಆರಂಭದ ದಿನಗಳಲ್ಲೇ ಇದನ್ನು ಮುಖ್ಯ ಅಡಚಣೆ ಎಂದು ಗುರುತಿಸಿದ್ದರು. ಕ್ಯಾಂಪ್‌ಬೆಲ್ ಸೂಪ್ ಕಂಪನಿ 1980ರ ದಶಕದಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ತನ್ನ ತಜ್ಞ ಆಲ್ಡೊ ಸಿಮಿನೊ ಅವರಿಂದ, ಡಬ್ಬಿಗಳನ್ನು ಬೇಯಿಸಿ ಕ್ರಿಮಿಶುದ್ಧ ಮಾಡುವ ದೈತ್ಯ ಯಂತ್ರಗಳ ದೋಷ ಪತ್ತೆಯ ತಿಳಿವಳಿಕೆಯನ್ನು ಪಡೆದು ಸಾಮಾನ್ಯ ಪಿಸಿಯಲ್ಲಿ ಓಡುವ ವ್ಯವಸ್ಥೆ ಕಟ್ಟಿಸಿತು. ಅಂಥ ಕೆಲಸಕ್ಕೆ ತಜ್ಞರು ಇನ್ನೂ ಕೆಲಸದಲ್ಲಿರುವಾಗಲೇ ಕೂರಬೇಕು, ಬೀಳ್ಕೊಡುಗೆಯ ವಾರದಲ್ಲಲ್ಲ.

"ನಿಮಗೆ ಗೊತ್ತಿರುವುದನ್ನೆಲ್ಲ ಹೇಳಿ" ಎಂದರೆ ಯಾವ ಮೆಕ್ಯಾನಿಕ್ಕೂ ಹೇಳಲಾರರು. ಮುಗಿದ ಜಾಬ್ ಕಾರ್ಡ್ ಒಂದನ್ನು ನೀವು ಕೈಯಲ್ಲಿ ಹಿಡಿಯಿರಿ, ದೂರನ್ನು ಮಾತ್ರ ಓದಿ ಹೇಳಿ. ಅವರು ಪ್ರಶ್ನೆ ಕೇಳಲಿ. ನೀವು ಕಾರ್ಡ್ ನೋಡಿ ಉತ್ತರಿಸಿ. ಅವರು ಮೊದಲು ಏನು ಕೇಳಿದರು, ಯಾವ ಉತ್ತರಕ್ಕೆ ದಾರಿ ಬದಲಿಸಿದರು ಎಂಬುದೇ ನಿಮ್ಮ ನಿಯಮ. ಒಂದೂವರೆ ಗಂಟೆಗಿಂತ ಹೆಚ್ಚು ಕೂರಿಸಬೇಡಿ. ಒಂದು ಸಲಕ್ಕೆ ಐದಾರು ಕಾರ್ಡ್ ಸಾಕು. ಅರವತ್ತು, ಎಪ್ಪತ್ತು ನಿಯಮಗಳ ವ್ಯವಸ್ಥೆಗೆ ಎಂಟು, ಹತ್ತು ಬೈಠಕ್‌ಗಳು ಬೇಕಾಗುತ್ತವೆ. ಈ ಸಮಯಕ್ಕೆ ಅವರಿಗೆ ಸಂಬಳ ಕೊಡಿ, ನಿಯಮಗಳ ಮೇಲೆ ಅವರ ಹೆಸರು ಹಾಕಿ. ತಮ್ಮ ಕೆಲಸ ಹೋಗುತ್ತದೆಂಬ ಭಯ ಇರುವವರು ಅರ್ಧವನ್ನೇ ಹೇಳುತ್ತಾರೆ, ಅದು ಅವರ ತಪ್ಪಲ್ಲ.

ಪದಗಳ ಅರ್ಥವನ್ನು ಅಳತೆಗೆ ಕಟ್ಟಿಹಾಕಿ. ಬೋರಿನಲ್ಲಿ "ಎರಡು ಇಂಚು ನೀರು" ಎಂದರೆ ಪೈಪಿನ ಅಗಲವಲ್ಲ, ವಿ-ನಾಚ್ (ವಿ ಆಕಾರದಲ್ಲಿ ಕತ್ತರಿಸಿದ ಅಳತೆಯ ತಗಡು) ಮೇಲೆ ಹರಿಯುವ ನೀರಿನ ಎತ್ತರ. 90 ಡಿಗ್ರಿ ನಾಚ್‌ನಲ್ಲಿ 2 ಇಂಚು ಎಂದರೆ ನಿಮಿಷಕ್ಕೆ ಸುಮಾರು 48 ಲೀಟರ್. 3 ಇಂಚು ಅದರ ಒಂದೂವರೆ ಪಟ್ಟಲ್ಲ, ಸುಮಾರು 2.75 ಪಟ್ಟು, ಅಂದರೆ 130 ಲೀಟರ್ ದಾಟುತ್ತದೆ. ಇದು ಗೊತ್ತಿಲ್ಲದ ಪ್ರೋಗ್ರಾಮರ್ ನೇರ ಗುಣಾಕಾರ ಹಾಕಿದರೆ ಪಂಪ್ ಆಯ್ಕೆ ಪೂರ್ತಿ ತಪ್ಪುತ್ತದೆ. "ಕರೆಂಟು ಜಾಸ್ತಿ ಎಳೀತಿದೆ" ಎಂಬುದನ್ನೂ ಹೀಗೆಯೇ ನೇಮ್‌ಪ್ಲೇಟಿನ ಆಂಪಿಯರ್‌ಗೆ ಹೋಲಿಸಿ ಬರೆಯಿರಿ.

ಮೈಸಿನ್‌ನಂತೆ ಪ್ರತಿ ನಿಯಮಕ್ಕೂ ಖಚಿತತೆಯ ಅಂಕಿ ಕೊಡುವ ಆಸೆ ಬರುತ್ತದೆ. ಬೇಡ. 0.6 ಮತ್ತು 0.7ರ ನಡುವಿನ ವ್ಯತ್ಯಾಸ ಯಾವ ಮೆಕ್ಯಾನಿಕ್‌ಗೂ ಗೊತ್ತಿರುವುದಿಲ್ಲ. "ಖಚಿತ", "ಮತ್ತೊಂದು ಪರೀಕ್ಷೆ ಮಾಡಿ", "ಹಿರಿಯರಿಗೆ ಫೋನ್ ಮಾಡಿ" ಎಂಬ ಮೂರು ಸಾಕು.

ಬಳಕೆಗೆ ಇಳಿಸುವ ಮುನ್ನ

ನಿಯಮ ಬರೆಯಲು ಬಳಸದ ನಲವತ್ತು, ಐವತ್ತು ಕಾರ್ಡ್‌ಗಳನ್ನು ಮೊದಲೇ ತೆಗೆದಿಡಿ, ವ್ಯವಸ್ಥೆಯನ್ನು ಅವುಗಳ ಮೇಲೆ ಓಡಿಸಿ. "ಶೇ. 90 ಸರಿ" ಎಂಬ ಒಂದೇ ಅಂಕಿಯಿಂದ ಸಮಾಧಾನಪಡಬೇಡಿ. ತಪ್ಪುಗಳನ್ನು ಎರಡು ರಾಶಿ ಮಾಡಿ: ಸುಮ್ಮನೆ ಎತ್ತಿಸಿದವು, ಎತ್ತಬೇಕಾದದ್ದನ್ನು ಬಿಟ್ಟವು. ಮೊದಲನೆಯದರಲ್ಲಿ ನಷ್ಟ ಒಂದು ದಿನದ ಖರ್ಚು. ಎರಡನೆಯದರಲ್ಲಿ ಮೋಟಾರ್ ಸುಡಬಹುದು, ಬೇಸಿಗೆಯಲ್ಲಿ ಬೆಳೆ ಒಣಗಬಹುದು. ಯಾವುದನ್ನು ಎಷ್ಟು ಸಹಿಸುತ್ತೀರಿ ಎಂಬುದನ್ನು ಮಾಲೀಕರೇ ತೀರ್ಮಾನಿಸಬೇಕು, ಪ್ರೋಗ್ರಾಮರ್ ಅಲ್ಲ.

ಆಮೇಲೆ ನಾಲ್ಕರಿಂದ ಆರು ವಾರ ನೆರಳಿನಲ್ಲಿ ಓಡಿಸಿ: ವ್ಯವಸ್ಥೆ ಉತ್ತರ ಹೇಳಲಿ, ಕೆಲಸ ಮಾತ್ರ ಹಿರಿಯರ ಮಾತಿನಂತೆ ನಡೆಯಲಿ. ಎರಡೂ ಬೇರೆಯಾದ ಪ್ರತಿ ಪ್ರಕರಣವನ್ನೂ ವಾರಕ್ಕೊಮ್ಮೆ ಕೂತು ನೋಡಿ. ಸುಮ್ಮನೆ ಎತ್ತಿದ ಪಂಪುಗಳು ತಿಂಗಳಿಗೆ ಎಷ್ಟು, ಒಂದಕ್ಕೆ ಖರ್ಚು ಎಷ್ಟು ಎಂದು ಗುಣಿಸಿದರೆ ಈ ಕೆಲಸಕ್ಕೆ ಎಷ್ಟು ಹಣ ಹಾಕಬಹುದೆಂಬ ಮಿತಿ ಸಿಗುತ್ತದೆ. ತಿಂಗಳಿಗೆ ಒಂದೋ ಎರಡೋ ಎಂದಾದರೆ ಲ್ಯಾಮಿನೇಟ್ ಹಾಳೆಯಲ್ಲೇ ನಿಲ್ಲಿ. ನಾಲ್ಕೈದು ತಂಡಗಳಿದ್ದು ದಿನವೂ ಈ ಪ್ರಶ್ನೆ ಬರುತ್ತಿದ್ದರೆ ಡಿಸಿಷನ್ ಟೇಬಲ್ ಕಟ್ಟಿ. ಹಲವು ತಾಲ್ಲೂಕುಗಳಲ್ಲಿ ಶಾಖೆ ಇದ್ದು, ಆಯ್ಕೆ, ವಾರಂಟಿ, ಬಿಡಿಭಾಗಗಳ ದಾಸ್ತಾನು ಎಲ್ಲವೂ ಒಂದಕ್ಕೊಂದು ತಗುಲಿಕೊಂಡಿದ್ದು, ಸ್ವಂತ ಪ್ರೋಗ್ರಾಮರ್ ಇದ್ದರೆ ರೂಲ್ ಎಂಜಿನ್ ಬಗ್ಗೆ ಯೋಚಿಸಿ.

ಪ್ರತಿ ನಿಯಮಕ್ಕೂ ನಂಬರ್, ಹೇಳಿದವರ ಹೆಸರು, ಕಾರಣ, ತಾರೀಖು ಇರಲಿ. ಪ್ರತಿ ಉತ್ತರದ ಜೊತೆ ಯಾವ ನಿಯಮ ಓಡಿತು, ಕೊಟ್ಟ ಅಳತೆಗಳೇನು ಎಂಬುದು ದಾಖಲಾಗಲಿ. ಹುಡುಗರಿಗೆ ಉತ್ತರವನ್ನು ಮೀರುವ ಹಕ್ಕು ಇರಬೇಕು, ಆದರೆ ಕಾರಣ ಬರೆಯದೆ ಮೀರುವಂತಿಲ್ಲ. ಒಂದೇ ನಿಯಮವನ್ನು ತಿಂಗಳಲ್ಲಿ ಮೂರು ಸಲ ಬೇರೆ ಬೇರೆಯವರು ಮೀರಿದ್ದರೆ ತಪ್ಪು ನಿಯಮದಲ್ಲೇ ಇದೆ ಎಂದುಕೊಂಡು ಪರಿಶೀಲನೆಗೆ ತೆಗೆದುಕೊಳ್ಳಿ. ತಿದ್ದಿದ ದಿನವೇ ತೆಗೆದಿಟ್ಟ ಕಾರ್ಡ್‌ಗಳನ್ನೆಲ್ಲ ಮತ್ತೆ ಓಡಿಸಿ; ನಿನ್ನೆ ಸರಿಯಾಗಿದ್ದ ಯಾವುದಾದರೂ ಇಂದು ತಪ್ಪಾಗಿದ್ದರೆ ಹಳೆಯ ಟೇಬಲ್ಲನ್ನೇ ಬಳಕೆಯಲ್ಲಿಟ್ಟು, ಬೇರೆಯಾದ ಸಾಲನ್ನು ಹಿರಿಯರ ಮುಂದೆ ಇಡಿ.